ಮೂವತ್ತೊಂದರಿಂದ ಐವತ್ತೆರಡರವರೆಗಿನ ಪುಟಗಳು

ಕೊಕ್ಕರಗಡ್ಡೆಯ ಎದುರು ದಂಡೆ, ಕೃಷ್ಣಾ ನದಿ
2191ನೇ ಇಸವಿ, ಎರಡನೆಯ ಶ್ರಾವಣದ ಮೂವತ್ತೇಳನೆಯ ದಿನ

ಹುಲಿಗೆಮ್ಮನವರಿಗೆ ಉರುಕುಂದಪ್ಪ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖನ್ನು ನೋಡಿ, ಯಾರೋ ಸಹಪಾಠಿ ಕೀಟಲೆ ಮಾಡಿದ್ದಾನೆ ಎಂದುಕೊಂಡು ಈ ಕಾಗದವನ್ನು ಮುದುರಿ ಎಸೆಯಬೇಡಿ. ತಿಂಗಳಿಗೆ ಮೂವತ್ತೇಳು ದಿನ ಎಲ್ಲಿಂದ ಬಂತು ಎಂದರೆ, ನಮ್ಮಲ್ಲಿ ಹೊಳೆ ಇಳಿಯುವವರೆಗೆ ಶ್ರಾವಣ ಮುಗಿಯುವುದಿಲ್ಲ. ತೀರಾ ತಡವಾದರೆ ಎರಡನೆಯದನ್ನು ಶುರುಮಾಡುತ್ತೇವೆ. ಪಂಚಾಂಗದವರಿಗೆ ಇದರಿಂದ ಸಿಟ್ಟಿದೆ, ಆದರೆ ಹೊಳೆ ಅವರ ಮಾತು ಕೇಳುವುದಿಲ್ಲ. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕಾಣಬಹುದು. ನಿಮ್ಮ ಕಾಲದ ಬರವಣಿಗೆಯನ್ನು ಹಳೆಯ ಪುಸ್ತಕಗಳಿಂದ ಕಲಿತು ಬರೆಯುತ್ತಿದ್ದೇನೆ. ಅಜ್ಜನ ಅಂಗಿ ತೊಟ್ಟ ಮೊಮ್ಮಗನ ಹಾಗೆ ತೋಳು ಉದ್ದವಾಗಿದ್ದರೆ ಮನ್ನಿಸಿ. ನಿಮ್ಮನ್ನು ಏನೆಂದು ಕರೆಯಬೇಕೆಂಬುದೂ ತಿಳಿಯಲಿಲ್ಲ. ಲೆಕ್ಕ ಹಾಕಿದರೆ ನೀವು ನನ್ನ ಮುತ್ತಜ್ಜಿಗೂ ಅಜ್ಜಿಯಾಗಬೇಕು. ಆದರೆ ಇದನ್ನು ಓದುವಾಗ ನಿಮಗೆ ಇಪ್ಪತ್ತೊಂದು ವರ್ಷ, ಬರೆಯುತ್ತಿರುವ ನನಗೆ ಅರವತ್ತೆಂಟು. ಹೀಗಾಗಿ ಹೆಸರು ಹಿಡಿದು, ಬಹುವಚನ ಹಚ್ಚಿ ಬರೆಯುತ್ತೇನೆ.

ನಮ್ಮ ಕಾಲೇಜಿನಲ್ಲಿ ನಿವೃತ್ತರಾಗುವ ಮೇಷ್ಟ್ರುಗಳಿಗೆ ಒಂದು ಹಿನ್ನೋಲೆ ಬರೆಯಲು ಅವಕಾಶ ಕೊಡುತ್ತಾರೆ. ಹಿನ್ನೋಲೆ ಎಂದರೆ ಹಿಂದಿನ ಕಾಲಕ್ಕೆ ಕಳಿಸುವ ಕಾಗದ. ಒಬ್ಬರಿಗೆ ಒಂದೇ, ಜೀವಮಾನದಲ್ಲಿ ಒಂದೇ ಸಲ. ಭೌತಶಾಸ್ತ್ರದವರು ಮೇಲಿನ ಮಹಡಿಯಲ್ಲಿ ಅದನ್ನು ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ಕೇಳಿದರೆ ಬೋರ್ಡಿನ ತುಂಬ ಬರೆದು ತೋರಿಸುತ್ತಾರೆ, ಆಮೇಲೂ ಗೊತ್ತಾಗುವುದಿಲ್ಲ. ತಲುಪಿತೋ ಇಲ್ಲವೋ ಎಂದು ತಿಳಿಯುವ ದಾರಿಯೂ ಇಲ್ಲ. ಬಹಳ ಮಂದಿ ತೀರಿಹೋದ ಅವ್ವನಿಗೆ ಬರೆಯುತ್ತಾರೆ. ಸಸ್ಯಶಾಸ್ತ್ರದ ಮೇಡಂ ಒಬ್ಬರು ತಮ್ಮ ಮುತ್ತಜ್ಜಿಗೆ, ಪುಂಡಿಪಲ್ಯ ಹೇಗೆ ಮಾಡುತ್ತಿದ್ದಿರಿ ಎಂದು ಕೇಳಿ ಬರೆದರು. ಉತ್ತರ ಬರುವುದಿಲ್ಲ ಎಂಬುದು ಅವರಿಗೆ ಹೊಳೆದದ್ದು ಆಮೇಲೆ. ನಾನು ನಿಮಗೆ ಬರೆಯುತ್ತಿರುವ ಕಾರಣ ಇಷ್ಟೆ. ನಿಮ್ಮ ಮೇಜಿನ ಮೇಲೆ ಈಗ ಒಂದು ಪ್ರಾಜೆಕ್ಟ್ ವರದಿ ಇದೆ. ಸೋಮವಾರ ಅದು ಬೈಂಡಿಂಗಿಗೆ ಹೋಗಬೇಕು. ಅದರಿಂದ ಇಪ್ಪತ್ತೆರಡು ಪುಟಗಳನ್ನು ತೆಗೆದುಹಾಕಲು ನಿಮಗೆ ಹೇಳಿದ್ದಾರೆ. ದಯವಿಟ್ಟು ತೆಗೆಯಬೇಡಿ ಎಂದು ಕೇಳಿಕೊಳ್ಳುವುದಕ್ಕಾಗಿಯೇ ಈ ಕಾಗದ.

ಇದೆಲ್ಲ ನನಗೆ ಹೇಗೆ ಗೊತ್ತು ಎಂದರೆ, ಆ ವರದಿ ಈಗ ನನ್ನ ಮುಂದೆಯೇ ಇದೆ. ಕಂದು ರಟ್ಟು, ಬಂಗಾರದ ಬಣ್ಣದ ಅಕ್ಷರ. ಇಂಗ್ಲಿಷಿನಲ್ಲಿ ಬರೆದಿದ್ದೀರಿ, ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆವು. ದಂಡೆಯಿಂದ ಕೊಕ್ಕರಗಡ್ಡೆ ಎಂಬ ನಡುಗಡ್ಡೆಗೆ ತಂತಿಯಿಲ್ಲದೆ ಸಂಪರ್ಕ ಕೊಡುವುದು, ಹೊಳೆ ತುಂಬಿ ಹರಿಗೋಲು ನಿಂತಾಗ ಅಲ್ಲಿನ ಆಶಾ ಕಾರ್ಯಕರ್ತೆ ಆಸ್ಪತ್ರೆಗೆ ಸುದ್ದಿ ಮುಟ್ಟಿಸುವಂತೆ ಮಾಡುವುದು ನಿಮ್ಮ ಪ್ರಾಜೆಕ್ಟು. ಪರಿವಿಡಿಯಲ್ಲಿ ನಾಲ್ಕನೆಯ ಅಧ್ಯಾಯದ ಹೆಸರು ‘ಕೆಟ್ಟದ್ದು ಮತ್ತು ಕಾರಣ’. ಅದರ ಕೆಳಗೆ ಮೂರು ಸಾಲು: ‘ಬೇಸಿಗೆಯಲ್ಲಿ’, ‘ನೀರು ಏರಿದಾಗ’, ‘ನಮಗೆ ತಿಳಿಯದೆ ಉಳಿದದ್ದು’. ಪುಟ ಮೂವತ್ತೊಂದರಿಂದ ಐವತ್ತೆರಡು. ಒಳಗೆ ತೆರೆದು ನೋಡಿದರೆ ಮೂವತ್ತಾದ ಮೇಲೆ ಐವತ್ತಮೂರು. ಪರಿವಿಡಿಯ ಅಂಚಿನಲ್ಲಿ ಪೆನ್ಸಿಲಿನ ಬರಹವೊಂದಿದೆ. ಪೂರ್ತಿ ಮಾಸಿಹೋಗಿತ್ತು, ಇತ್ತೀಚೆಗೆ ಹಾಳೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿದಾಗ ಕಂಡಿತು. ‘ನಾಲ್ಕನೇದು ತೆಗೀರಿ. ಎಕ್ಸ್‌ಟರ್ನಲ್ ನೋಡಿದರೆ ಕೆಲಸ ಆಗಿಲ್ಲ ಅಂತಾರೆ. ಸೋಮವಾರ ಬೈಂಡಿಂಗ್.’ ನೀವು ಪುಟಗಳನ್ನು ತೆಗೆದಿರಿ, ಪರಿವಿಡಿಯನ್ನು ತಿದ್ದಲಿಲ್ಲ. ಮರೆತಿರೋ, ಬೇಕೆಂದೇ ಬಿಟ್ಟಿರೋ, ನೂರಾ ಅರವತ್ತು ವರ್ಷಗಳ ಆಚೆ ಕೂತು ಹೇಳಲಾರೆ. ಬೇಕೆಂದೇ ಬಿಟ್ಟಿರಿ ಎಂದು ನಂಬುವುದು ನನಗೆ ಇಷ್ಟ.

ನಮ್ಮ ಕಾಲೇಜಿನ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಿಮ್ಮ ಕಾಲದ ದೊಡ್ಡ ದೊಡ್ಡ ಜಾಲಗಳು ಜನ ಕಡಿಮೆ ಇರುವ ಊರುಗಳನ್ನು ಒಂದೊಂದಾಗಿ ಬಿಟ್ಟು, ಕಂಬ ಕಿತ್ತುಕೊಂಡು ಹೋದವು. ಅದಕ್ಕೆ ಯುದ್ಧವೂ ಬೇಕಾಗಲಿಲ್ಲ, ಪ್ರಳಯವೂ ಬೇಕಾಗಲಿಲ್ಲ. ಒಂದು ದಿನ ಬೆಳಿಗ್ಗೆ ಎದ್ದರೆ ಸಿಗ್ನಲ್ ಇರಲಿಲ್ಲ, ಆಮೇಲೆ ಎಂದೂ ಬರಲಿಲ್ಲ, ಅಷ್ಟೆ. ಆಕಾಶದಿಂದ ಬರುವ ಜಾಲವೂ ದೊಡ್ಡ ಊರುಗಳ ಕಡೆಗೇ ಮುಖ ಮಾಡಿಕೊಂಡಿದೆ. ಅಂದಿನಿಂದ ಪ್ರತಿ ಊರೂ ತನ್ನ ಜಾಲವನ್ನು ತಾನೇ ಕಟ್ಟಿಕೊಂಡು, ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಇದನ್ನು ಊರುಬಲೆ ಎನ್ನುತ್ತೇವೆ. ಕಂಪ್ಯೂಟರ್ ಕಲಿಯಲು ಬರುವವರು ನಾಲ್ಕು ವರ್ಷವೂ ಕಲಿಯುವುದು ಈ ಊರುಬಲೆಯನ್ನೇ. ಮೊದಲ ವರ್ಷ ಕೀಬೋರ್ಡು ಮುಟ್ಟಲು ಬಿಡುವುದಕ್ಕೂ ಮುಂಚೆ ಕೇಬಲ್ ತುದಿಗೆ ಕ್ಲಿಪ್ಪು ಹಾಕಿಸುತ್ತೇವೆ. ಎಂಟು ಎಳೆಗಳನ್ನು ಬಣ್ಣ ನೋಡಿ ಸಾಲಾಗಿ ಕೂರಿಸಿ, ಇಕ್ಕಳದಲ್ಲಿ ಒತ್ತಬೇಕು. ಒಬ್ಬೊಬ್ಬರು ನೂರು ತುದಿ. ಹತ್ತನೆಯದಕ್ಕೆ ಹೆಬ್ಬೆರಳು ನೋಯುತ್ತದೆ, ಮೂವತ್ತನೆಯದಕ್ಕೆ ನನ್ನ ಮೇಲೆ ಸಿಟ್ಟು ಬರುತ್ತದೆ, ಎಪ್ಪತ್ತು ದಾಟಿದ ಮೇಲೆ ಹರಟೆ ಹೊಡೆಯುತ್ತ ಒತ್ತುತ್ತಾರೆ. ಎರಡನೆಯ ವರ್ಷ ಒಂದು ಓಣಿಯ ಮನೆಗಳನ್ನು ಜೋಡಿಸಬೇಕು. ಓಣಿಯಲ್ಲಿ ಇಲಿ ಕೇಬಲ್ ಕಡಿಯುತ್ತದೆ. ಒಬ್ಬಾಕೆ ರೂಟರಿನ ಮೇಲೆ ರೊಟ್ಟಿ ಬುಟ್ಟಿ ಇಟ್ಟು, ಬೆಚ್ಚಗಿರುತ್ತದೆ ಎನ್ನುತ್ತಾಳೆ. ಎರಡು ಮನೆಯವರು ಮಾತು ಬಿಟ್ಟಿರುತ್ತಾರೆ. ಇವರ ತಂತಿ ಅವರ ಗೋಡೆಯ ಮೇಲೆ ಹೋಗಕೂಡದು. ವಿಳಾಸ ಹಂಚುವುದು, ದಾರಿ ತೋರಿಸುವುದು, ಯಾರನ್ನು ಒಳಗೆ ಬಿಡಬೇಕು ಯಾರನ್ನು ಬಿಡಬಾರದು ಎಂದು ತೀರ್ಮಾನಿಸುವುದು, ನೀವು ಪಾಠದಲ್ಲಿ ಓದಿದ ಇವೆಲ್ಲ ನಮ್ಮವರ ತಲೆಗೆ ಹತ್ತುವುದು ಆ ಜಗಳಗಳ ನಡುವೆ.

ಕೊನೆಯ ವರ್ಷದ ಪರೀಕ್ಷೆಗೆ ‘ಒಪ್ಪಿಸುವುದು’ ಎಂದು ಹೆಸರು. ವಿದ್ಯಾರ್ಥಿ ಒಂದು ಹಳ್ಳಿಗೆ ಬಲೆ ಕಟ್ಟಿ, ಅದರ ರಿಪೇರಿಯನ್ನು ಆ ಹಳ್ಳಿಯವರೊಬ್ಬರಿಗೆ ಕಲಿಸಿರಬೇಕು. ಪರೀಕ್ಷೆಯ ದಿನ ಮೇಷ್ಟ್ರು ಹೋಗಿ ಏನಾದರೊಂದನ್ನು ಕೆಡಿಸುತ್ತಾರೆ. ಹಳ್ಳಿಯವರು ಅದನ್ನು ಹುಡುಕಿ ಸರಿಮಾಡಬೇಕು. ಅಷ್ಟು ಹೊತ್ತೂ ವಿದ್ಯಾರ್ಥಿ ತನ್ನ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ನಿಂತಿರಬೇಕು. ನೋಡಲು ಮಜವಾಗಿರುತ್ತದೆ. ನಿಂತವರು ಬೆವರುತ್ತಾರೆ, ಕಾಲು ಬದಲಿಸುತ್ತಾರೆ, ಕಣ್ಣಲ್ಲೇ ತಂತಿ ತೋರಿಸಲು ನೋಡುತ್ತಾರೆ. ಕೆಮ್ಮಿದರೆ ಅಂಕ ಹೋಗುತ್ತದೆ. ಕಲಿಸಿದ್ದು ಎದುರಿನವರ ಕೈಗೆ ಇಳಿಯಿತೇ ಎಂದು ನೋಡಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಇಷ್ಟೆಲ್ಲ ಜಾಣತನವಿದ್ದೂ ಒಂದು ವಿಷಯದಲ್ಲಿ ನಾವು ಶುದ್ಧ ದಡ್ಡರಾಗಿದ್ದೆವು. ಹಳೆಯ ವರದಿಗಳನ್ನು ಕಣ್ಣುಮುಚ್ಚಿ ನಂಬುತ್ತಿದ್ದೆವು.

ನಿಮ್ಮ ಕಾಲೇಜಿನ ಗ್ರಂಥಾಲಯದಿಂದ ಉಳಿದು ಬಂದ ವರದಿಗಳು ನಮ್ಮಲ್ಲಿ ನಾನೂರ ಹನ್ನೆರಡು ಇವೆ. ಬೇವಿನ ಎಲೆ ಹಾಕಿ ಜೋಪಾನ ಮಾಡಿದ್ದೇವೆ. ಅವನ್ನು ಓದಿದರೆ ನಿಮ್ಮ ಶತಮಾನದಲ್ಲಿ ಏನೂ ಕೆಡುತ್ತಲೇ ಇರಲಿಲ್ಲ ಎನಿಸುತ್ತದೆ. ಎಲ್ಲವೂ ಯಶಸ್ವಿಯಾಗಿ ಪೂರ್ಣಗೊಂಡಿವೆ. ಎಲ್ಲರೂ ತಂದೆತಾಯಿಗೆ, ಪ್ರಾಂಶುಪಾಲರಿಗೆ, ಪ್ರತ್ಯಕ್ಷವಾಗಿ ಪರೋಕ್ಷವಾಗಿ ನೆರವಾದ ಸಕಲರಿಗೆ ಕೃತಜ್ಞರು. ಗ್ರಂಥಾಲಯ ನಿರ್ವಹಣೆಯ ಬಗ್ಗೆಯೇ ಅರವತ್ತು ವರದಿಗಳಿವೆ. ಅವುಗಳಲ್ಲಿ ಆರರಲ್ಲಿ ಒಂದೇ ಪುಟದ ಒಂದೇ ಸಾಲಿನಲ್ಲಿ ಒಂದೇ ತಪ್ಪು. ಆರು ಜನ ಬೇರೆ ಬೇರೆ ಕೂತು ಅದೇ ತಪ್ಪು ಮಾಡಿದ್ದಾರೆ ಎಂದು ನಂಬಲು ನಾನು ಪ್ರಾಮಾಣಿಕವಾಗಿ ಪ್ರಯತ್ನಪಟ್ಟೆ. ಅವುಗಳ ನಡುವೆ ನಿಮ್ಮದು ಸಿಕ್ಕಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ನಿಜವಾದ ಹೊಳೆ, ನಿಜವಾದ ಗಡ್ಡೆ, ಕಂಬದ ಎತ್ತರ ಅಡಿ ಅಂಗುಲದಲ್ಲಿ. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಮಳೆ ತಡೆದದ್ದು, ಆಂಟೆನಾ ತಟ್ಟೆಯನ್ನು ಸರಿಯಾಗಿ ತಿರುಗಿಸಲು ಆಚೆ ದಂಡೆಯವರಿಗೆ ಕೆಂಪು ಟವೆಲ್ ಬೀಸಿದ್ದು, ಎಲ್ಲವನ್ನೂ ಬರೆದಿದ್ದೀರಿ. ಮೂವತ್ತು ಪುಟ ಒಂದೇ ಗುಕ್ಕಿನಲ್ಲಿ ಓದಿದೆ. ಮುಂದೆ ಐವತ್ತಮೂರನೆಯ ಪುಟದಲ್ಲಿ ಹೀಗಿತ್ತು: ‘ಸಂಪರ್ಕವು ಎಲ್ಲ ಸಂದರ್ಭಗಳಲ್ಲೂ ತೃಪ್ತಿಕರವಾಗಿ ಕೆಲಸ ಮಾಡಿತು.’ ನಡುವಿನ ಪುಟಗಳಿಲ್ಲದ್ದು ಕಣ್ಣಿಗೆ ಬಿತ್ತು. ಬೈಂಡರು ಏನೋ ಎಡವಟ್ಟು ಮಾಡಿದ್ದಾನೆ ಎಂದುಕೊಂಡು ಮುಂದೆ ಹೋದೆ.

ಇಪ್ಪತ್ತೇಳು ವರ್ಷಗಳ ಹಿಂದೆ ತಾಯಮ್ಮ ಎಂಬ ವಿದ್ಯಾರ್ಥಿನಿ ಕೊನೆಯ ವರ್ಷಕ್ಕೆ ಬಂದಳು. ಅಂಬಿಗರ ಮನೆಯ ಹುಡುಗಿ, ಹೊಳೆ ನೋಡುತ್ತಲೇ ಬೆಳೆದವಳು. ಮಾತು ಕಡಿಮೆ. ನೂರು ತುದಿ ಒತ್ತುವ ಪಾಠದಲ್ಲಿ ಒಂದೂ ಕೆಡದಂತೆ ಮುಗಿಸಿದ್ದು ನನ್ನ ಸೇವೆಯಲ್ಲಿ ಅವಳೊಬ್ಬಳೇ. ಕೊಕ್ಕರಗಡ್ಡೆಗೆ ಆಗ ಯಾವ ಸಂಪರ್ಕವೂ ಇರಲಿಲ್ಲ. ನಿಮ್ಮ ವರದಿಯನ್ನು ಅವಳ ಕೈಗಿಟ್ಟು, ಇದರಲ್ಲಿದ್ದಂತೆ ಕಟ್ಟು ಎಂದೆ. ಚಾಚೂ ತಪ್ಪದೆ ಕಟ್ಟಿದಳು. ಗಡ್ಡೆಯಲ್ಲಿ ಕಲ್ಲಂಗಡಿ ಬೆಳೆಯುವ ಮಾರೆಪ್ಪ ಎಂಬವನಿಗೆ ರಿಪೇರಿ ಕಲಿಸಲು ಶುರುಮಾಡಿದಳು. ಮಾರೆಪ್ಪನಿಗೆ ಆಗ ಮೂವತ್ತು ವರ್ಷವಿರಬೇಕು, ಬಾಯಿ ತುಂಬ ಮಾತು. ಕೇಬಲಿನ ಎಂಟು ಎಳೆಗಳಿಗೂ ತನ್ನ ಎಂಟು ಮಂದಿ ಅತ್ತೆಯರ ಹೆಸರಿಟ್ಟು ನೆನಪಿಟ್ಟುಕೊಂಡಿದ್ದ. ಹೊಳೆ ತುಂಬಿದಾಗ ಗಡ್ಡೆಯವರು ಈ ಸಂಪರ್ಕದಲ್ಲಿ ಸುದ್ದಿ ಕಳಿಸಿದರೆ ನಮ್ಮ ದಂಡೆಯಿಂದ ಮದ್ದಿನ ದೋಣಿ ಹೊರಡುತ್ತದೆ. ಅದು ಪ್ರವಾಹದಲ್ಲೂ ಹೋಗಬಲ್ಲ ದೋಣಿ, ಒಳಗೆ ಡಾಕ್ಟರು ಇರುತ್ತಾರೆ. ಆದರೆ ಕರೆದರೆ ಮಾತ್ರ ಹೊರಡುತ್ತದೆ, ಏಕೆಂದರೆ ಅಂಥ ಗಡ್ಡೆಗಳು ಹದಿನೇಳಿವೆ, ದೋಣಿ ಒಂದೇ.

ಆ ವರ್ಷ ಮಳೆಗಾಲ ಮುಗಿಯುವಾಗ ತಾಯಮ್ಮ ತನ್ನ ವರದಿಯ ಕರಡು ತಂದಳು. ಅದರಲ್ಲಿ ಆರು ಪುಟ ಬರೀ ಕೆಟ್ಟ ಸುದ್ದಿ. ನೀರು ಸ್ನಾನಘಟ್ಟದ ಹನ್ನೊಂದನೆಯ ಮೆಟ್ಟಿಲಿಗೆ ಬಂದರೆ ಸಿಗ್ನಲ್ ಕುಂಟುತ್ತದೆ, ಹನ್ನೆರಡಕ್ಕೆ ಪೂರ್ತಿ ಸಾಯುತ್ತದೆ, ಹದಿನಾಲ್ಕು ದಾಟಿದ ಮೇಲೆ ತಾನಾಗಿ ಎದ್ದು ಬರುತ್ತದೆ, ಕಾರಣ ಗೊತ್ತಾಗಿಲ್ಲ ಎಂದು ಬರೆದಿದ್ದಳು. ನಾನು ನಕ್ಕೆ. ಹೊಳೆಗೆ ಮೆಟ್ಟಿಲು ಎಣಿಸಲು ಯಾರು ಕಲಿಸಿದರು ಎಂದು ಚೇಷ್ಟೆ ಮಾಡಿದೆ. ಮಳೆಯಲ್ಲಿ ಜಾಯಿಂಟಿನೊಳಗೆ ನೀರು ಹೋಗಿರುತ್ತದೆ, ಒರೆಸಿ ಬಿಗಿ ಮಾಡು ಎಂದೆ. ಮಾಡಿದ್ದೇನೆ ಎಂದಳು. ಆಗ ನಾನು ನಿಮ್ಮ ವರದಿಯನ್ನು ತೆರೆದು, ಐವತ್ತಮೂರನೆಯ ಪುಟದ ಆ ಸಾಲಿನ ಮೇಲೆ ಬೆರಳಿಟ್ಟೆ. ಅವಳು ಅದನ್ನು ಓದಿ ಹೇಳಿದಳು: “ಪುಸ್ತಕದಾಗ ಹಂಗ ಬರದೈತ್ರಿ ಸರ, ಖರೆ. ಆದ್ರ ಹೊಳಿ ಪುಸ್ತಕ ಓದಿಲ್ಲಲ್ರಿ.”

ಈ ಮಾತಿಗೆ ನಾನು ಅವಳ ಬೆನ್ನು ತಟ್ಟಬೇಕಾಗಿತ್ತು. ನನಗೆ ಸಿಟ್ಟು ಬಂತು. ನೂರು ವರ್ಷಕ್ಕೂ ಹಿಂದಿನವರಿಗೆ ಬಂದದ್ದು ನಿನಗೇಕೆ ಬರುವುದಿಲ್ಲ ಎಂದು ಕೇಳಿದೆ. ಆಮೇಲೆ ಹೇಳಿದ ಮಾತು ಈಗಲೂ ನನ್ನ ಬಾಯಲ್ಲಿ ಕಹಿಯಾಗಿದೆ: “ನಿನ್ನ ಕೈಯಾಗ ಏನೋ ಕಮ್ಮಿ ಐತಿ.” ಹಸಿರು ಶಾಯಿಯಲ್ಲಿ ಆರೂ ಪುಟಗಳ ಮೇಲೆ ಅಡ್ಡಗೆರೆ ಎಳೆದು, ‘ಇವನ್ನು ತೆಗೆದು ತಾ’ ಎಂದು ಬರೆದೆ. ತೆಗೆದು ತಂದಳು. ಅವಳ ವರದಿ ಚೊಕ್ಕಟವಾಯಿತು. ಬೇಸಿಗೆಯಲ್ಲಿ ಒಪ್ಪಿಸುವ ದಿನ ನಾನೇ ಹೋಗಿ ಒಂದು ತಂತಿ ಸಡಿಲ ಮಾಡಿದೆ, ಮಾರೆಪ್ಪ ಅತ್ತೆಯರ ಹೆಸರು ಹೇಳುತ್ತ ಐದು ನಿಮಿಷದಲ್ಲಿ ಸರಿಮಾಡಿದ, ತಾಯಮ್ಮ ಕಂಕುಳಿಂದ ಕೈ ತೆಗೆದಳು. ಎಲ್ಲರೂ ಕಲ್ಲಂಗಡಿ ತಿಂದು ಬಂದೆವು. ಹೊಳೆ ಆಗ ಮೂರನೆಯ ಮೆಟ್ಟಿಲಿನಲ್ಲಿತ್ತು.

ಮುಂದಿನ ಶ್ರಾವಣದಲ್ಲಿ ನೀರು ಹನ್ನೆರಡನೆಯ ಮೆಟ್ಟಿಲಿಗೆ ಬಂದು, ಎರಡು ದಿನ ಅಲ್ಲೇ ನಿಂತಿತು. ಎರಡನೆಯ ದಿನ ಬೆಳಿಗ್ಗೆ ಮಾರೆಪ್ಪ ದನದ ಕೊಟ್ಟಿಗೆಯಲ್ಲಿ ಮೇವು ಎಳೆಯುವಾಗ ಕೊಳಕುಮಂಡಲ ಹಾವು ಕಾಲಿಗೆ ಕಚ್ಚಿತು. ಅವನು ಗಾಬರಿಯಾಗಲಿಲ್ಲ. ನಡೆದುಕೊಂಡೇ ಹೋಗಿ ಯಂತ್ರದ ಮುಂದೆ ಕೂತು ಮದ್ದಿನ ದೋಣಿಗೆ ಸುದ್ದಿ ಕಳಿಸಿದ. ಹೋಗಲಿಲ್ಲ. ಆಗ ತನಗೆ ಕಲಿಸಿದ್ದನ್ನೆಲ್ಲ ಒಂದೊಂದಾಗಿ ಮಾಡಿದ. ಜಾಯಿಂಟು ಬಿಚ್ಚಿದ, ಒಣಬಟ್ಟೆಯಲ್ಲಿ ಒರೆಸಿದ, ಬಿಗಿ ಮಾಡಿದ. ಹೊಸ ಕ್ಲಿಪ್ಪು ಒತ್ತಿದ. ತಮ್ಮನನ್ನು ಕಂಬ ಹತ್ತಿಸಿ ತಟ್ಟೆ ತಿರುಗಿಸಿದ. ಕಾಲು ಊದಿಕೊಳ್ಳುತ್ತ ಮೊಳಕಾಲಿಗೆ ಬಂತು. ನಾಲ್ಕು ಗಂಟೆ ಹೊತ್ತು ಅವನು ಯಾವ ತಪ್ಪೂ ಇಲ್ಲದ ಬಲೆಯನ್ನು ರಿಪೇರಿ ಮಾಡುತ್ತ ಕೂತಿದ್ದ, ಏಕೆಂದರೆ ಕೆಟ್ಟರೆ ಜಾಯಿಂಟೇ ಕೆಟ್ಟಿರುತ್ತದೆ ಎಂದು ನಾವು ಅವನಿಗೆ ಕಲಿಸಿದ್ದೆವು. ಕೊನೆಗೆ ಅಣ್ಣತಮ್ಮಂದಿರು ಅವನನ್ನು ಹರಿಗೋಲಿಗೆ ಹಾಕಿಕೊಂಡು ಆ ನೀರಿಗೆ ಇಳಿದರು. ಎಲ್ಲೋ ಕೆಳಗೆ, ಮೂರು ಊರು ದಾಟಿ ದಂಡೆ ಮುಟ್ಟಿದರು. ಮಾರೆಪ್ಪ ಬದುಕಿಕೊಂಡ. ಎಡಗಾಲನ್ನು ಮೊಳಕಾಲಿನ ಕೆಳಗೆ ತೆಗೆದರು.

ಆಸ್ಪತ್ರೆಗೆ ನಾನೂ ತಾಯಮ್ಮನೂ ಒಟ್ಟಿಗೆ ಹೋದೆವು. ಅವಳನ್ನು ಕಂಡ ಕೂಡಲೇ ಮಾರೆಪ್ಪ ಎದ್ದು ಕೂರಲು ನೋಡಿದ. “ಏ ತಂಗಿ, ನೀ ಹೇಳಿಕೊಟ್ಟಿದ್ದು ಒಂದೂ ಬಿಟ್ಟಿಲ್ಲ ನೋಡು ನಾ. ಎಲ್ಲಾ ಮಾಡೀನಿ. ಯಾಕ ಹತ್ತಲಿಲ್ಲೋ ಗೊತ್ತಾಗಲಿಲ್ಲ” ಎಂದ. ತನ್ನಿಂದ ಅವಳ ಅಂಕ ಹೋಗುತ್ತದೇನೋ ಎಂಬಂತೆ ಸಮಜಾಯಿಷಿ ಹೇಳುತ್ತಿದ್ದ. ಆ ವಾರವೇ ತಾಯಮ್ಮ ತನ್ನ ಇಕ್ಕಳ, ಮೀಟರು, ಉಳಿದ ಕ್ಲಿಪ್ಪುಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಕಾಲೇಜಿಗೆ ಕಳಿಸಿದಳು. ಇದು ನನಗೆ ಒಗ್ಗುವ ಕೆಲಸವಲ್ಲ ಎಂದು ಒಂದು ಚೀಟಿ ಇತ್ತು. ಪದವಿಪತ್ರ ತೆಗೆದುಕೊಳ್ಳಲೂ ಬರಲಿಲ್ಲ.

ಕಾರಣ ಕಂಡುಹಿಡಿಯಲು ನನಗೂ ಮುಂದಿನ ವಿದ್ಯಾರ್ಥಿಗಳಿಗೂ ಮೂರು ಮಳೆಗಾಲ ಹಿಡಿಯಿತು. ನೀವು ಅದನ್ನು ಆಗಲೇ ಬಲ್ಲಿರೋ ಏನೋ, ಆದರೂ ಹೇಳುತ್ತೇನೆ. ದಂಡೆಯಿಂದ ಹೊರಟ ಸಿಗ್ನಲ್ ಗಡ್ಡೆಯನ್ನು ಎರಡು ದಾರಿಯಲ್ಲಿ ಮುಟ್ಟುತ್ತದೆ. ಒಂದು ನೇರವಾಗಿ, ಇನ್ನೊಂದು ನೀರಿನ ಮೇಲೆ ಬಿದ್ದು ಚಿಮ್ಮಿ. ಒಂದೇ ಒರಳಿನಲ್ಲಿ ಇಬ್ಬರು ಹೆಂಗಸರು ಕುಟ್ಟುವಾಗ ಲಯ ಕೂಡಿದರೆ ಕೆಲಸ ಬೇಗ ಸಾಗುತ್ತದೆ, ತಪ್ಪಿದರೆ ಒನಕೆಗೆ ಒನಕೆ ಬಡಿದು ಕುಟ್ಟುವುದೇ ನಿಲ್ಲುತ್ತದೆ. ಹಾಗೆಯೇ ಇದು. ನೀರಿನ ಮಟ್ಟ ಬದಲಾದಂತೆ ಎರಡನೆಯ ದಾರಿಯ ಉದ್ದ ಬದಲಾಗುತ್ತದೆ. ಹನ್ನೆರಡನೆಯ ಮೆಟ್ಟಿಲಿನಲ್ಲಿ ಎರಡೂ ಒಂದನ್ನೊಂದು ಪೂರ್ತಿ ಅಳಿಸಿಹಾಕುತ್ತಿದ್ದವು. ಈಗ ಒಂದೇ ಕಂಬಕ್ಕೆ ಮೇಲೊಂದು ಕೆಳಗೊಂದು ಎರಡು ತಟ್ಟೆ ಕಟ್ಟುತ್ತೇವೆ. ಒಂದು ಕಿವುಡಾದಾಗ ಇನ್ನೊಂದು ಕೇಳಿಸಿಕೊಳ್ಳುತ್ತದೆ. ಇಷ್ಟು ಸಾಧಿಸಿದ್ದಕ್ಕೆ ಕಾಲೇಜಿನಲ್ಲಿ ನನಗೆ ಶಾಲು ಹೊದಿಸಿದರು. ಆ ಶಾಲು ಹೊದ್ದುಕೊಂಡೇ ಮನೆಗೆ ಬಂದು ಹಳೆಯ ಕಾಗದಗಳ ಕಟ್ಟು ಬಿಚ್ಚಿದೆ. ತಾಯಮ್ಮನ ಆರು ಪುಟಗಳು ಸಿಕ್ಕವು. ಪ್ರತಿ ಮೆಟ್ಟಿಲಿಗೂ ಸಿಗ್ನಲ್ ಎಷ್ಟಿತ್ತು ಎಂದು ನಲವತ್ತು ದಿನ ಬರೆದಿಟ್ಟ ಪಟ್ಟಿ, ನಾವು ಮೂರು ವರ್ಷ ಅಳೆದು ಬರೆದ ಪಟ್ಟಿಯೇ. ಆರನೆಯ ಪುಟದ ಕೊನೆಯ ಸಾಲು: ‘ಮುಂದಿನ ವಾರ ತಟ್ಟೆಯ ಎತ್ತರ ಬದಲಿಸಿ ನೋಡಬೇಕು.’ ನನ್ನ ಹಸಿರು ಗೆರೆ ಆ ಸಾಲಿನ ಮೇಲೆ ಹಾದುಹೋಗಿತ್ತು. ಶಾಲು ತೆಗೆದಿಟ್ಟು ಅಂಗಳದಲ್ಲಿ ಕೂತು ಅತ್ತೆ. ಅಳುವುದರಲ್ಲಿ ನಾಚಿಕೆಯೇನೂ ಇಲ್ಲ, ಅಷ್ಟಾದರೂ ಬುದ್ಧಿ ಬಂದಿತ್ತು.

ತಾಯಮ್ಮನನ್ನು ಹುಡುಕಿಕೊಂಡು ಹೋದೆ. ಸಂತೆಪೇಟೆಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ ಅಂಗಡಿ ಇಟ್ಟುಕೊಂಡಿದ್ದಳು. ನಾನು ಹೋದಾಗ ಒಂದು ಯಂತ್ರದ ಹೊಟ್ಟೆ ಬಿಚ್ಚಿ, ಸಣ್ಣ ಸ್ಪ್ರಿಂಗನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಆ ಕೈಯಲ್ಲಿ ಏನೂ ಕಮ್ಮಿ ಇರಲಿಲ್ಲ. ಸ್ಟೂಲ್ ಹಾಕಿ ಕೂರಿಸಿ ಚಹಾ ತರಿಸಿದಳು. ನಾನು ತಪ್ಪೊಪ್ಪಿಕೊಂಡೆ. ನನ್ನ ಬೈಗುಳದಿಂದ ನೀನು ಈ ಕೆಲಸ ಬಿಡುವಂತಾಯಿತು ಎಂದೆ. ಅವಳು ಸ್ಪ್ರಿಂಗನ್ನು ಮೇಜಿನ ಮೇಲಿಟ್ಟಳು. “ನೀವು ಬೈದದ್ದಕ್ಕ ಬಿಟ್ಟಿಲ್ರಿ ಸರ. ಮೇಷ್ಟ್ರು ಬೈತಾರ, ಬೈಲಿ. ಆ ಪುಸ್ತಕದಾಗ ಆ ಅಕ್ಕಗ ಎಲ್ಲಾ ಬಂದೈತಿ, ಒಂದೂ ಕೆಟ್ಟಿಲ್ಲ. ನನಗೊಬ್ಬಾಕಿಗೇ ಬರವಲ್ದು ಅಂತ ತಿಳಕೊಂಡೆ. ಅದಕ್ಕ ಬಿಟ್ಟೆ.” ವಾಪಸ್ಸು ಬಂದು ಪಾಠ ಮಾಡು ಎಂದು ಕೇಳಿಕೊಂಡೆ. “ಈಗ್ಯಾಕ್ರಿ” ಎಂದಳು. ಚಹಾ ಕುಡಿದು ಬಂದೆ. ನನಗೆ ಸಿಕ್ಕ ಅತ್ಯಂತ ಒಳ್ಳೆಯ ವಿದ್ಯಾರ್ಥಿನಿ ಈಗಲೂ ಅಲ್ಲೇ ಇದ್ದಾಳೆ.

ಈ ಓಲೆ ಬರೆಯುವ ಮೊದಲು ಇಬ್ಬರನ್ನೂ ಕೇಳಿದೆ, ಏಕೆಂದರೆ ಇದು ನಿಮ್ಮನ್ನು ತಲುಪಿ, ನೀವು ನನ್ನ ಮಾತು ನಡೆಸಿಕೊಟ್ಟರೆ ಅವರ ಬದುಕು ಬೇರೆಯಾಗುತ್ತದೆ. ತಾಯಮ್ಮ ಯೋಚಿಸಿ ಹೇಳುತ್ತೇನೆ ಎಂದು ಒಂದು ವಾರ ತೆಗೆದುಕೊಂಡು, ಬರೆಯಿರಿ ಎಂದು ಹೇಳಿಕಳಿಸಿದಳು. ಮಾರೆಪ್ಪ ನಕ್ಕ. “ಕಾಲು ವಾಪಸ್ ಬಂದ್ರ ಬ್ಯಾಡಂತೀನೇನ್ರಿ? ಆದ್ರ ಆ ಹುಡುಗಿ ಪಾಪ ಪರೀಕ್ಷಾದಾಗ ಫೇಲಾಗಬಾರದ್ರಿ, ಅದನ್ನೂ ನೋಡಿ ಬರೀರಿ” ಎಂದ. ಆ ಹುಡುಗಿ ಎಂದರೆ ನೀವು. ನಾನೂ ಅದನ್ನೇ ಯೋಚಿಸುತ್ತಿದ್ದೇನೆ. ನೂರಾ ಅರವತ್ತು ವರ್ಷ ದೂರದಲ್ಲಿ ಆರಾಮಾಗಿ ಕೂತು, ನಿಮ್ಮ ಅಂಕಗಳನ್ನು ಪಣಕ್ಕಿಡಿ ಎಂದು ಹೇಳುವುದು ನನಗೆ ಸುಲಭ. ನಿಮಗೆ ಅದು ಒಂದು ವರ್ಷದ ಪ್ರಶ್ನೆ, ಮನೆಯವರಿಗೆ ಏನು ಹೇಳುವುದು ಎಂಬ ಪ್ರಶ್ನೆ.

ನಿಮ್ಮ ಮೇಷ್ಟ್ರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಆ ದುಂಡಗಿನ ಅಕ್ಷರ ನೋಡಿದರೆ ಮೆದು ಮನಸ್ಸಿನವರು ಎನಿಸುತ್ತದೆ. ನಿಮ್ಮನ್ನು ಪಾಸು ಮಾಡಿಸುವ ಆತುರದಲ್ಲೇ ಅವರು ಆ ಪೆನ್ಸಿಲ್ ಹಿಡಿದಿದ್ದಾರೆ. ಅವರ ಮೇಜಿನ ಮೇಲೆ ನೂರು ವರದಿ ಇರಬಹುದು, ಹೊರಗಿನಿಂದ ಬರುವ ಪರೀಕ್ಷಕರು ರಟ್ಟಿನ ಬಂಗಾರದ ಅಕ್ಷರ ನೋಡಿ, ಚಹಾ ಕುಡಿದು, ಎರಡು ಪ್ರಶ್ನೆ ಕೇಳಿ ಹೋಗುವವರಿರಬಹುದು. ನಾನೂ ಅವರ ಜಾತಿಯವನೇ, ಹಸಿರು ಶಾಯಿಯವನು. ಆದ್ದರಿಂದ ಅವರೊಡನೆ ಜಗಳ ಬೇಡ. ನಾಳೆ ಹೋಗಿ ಪಕ್ಕದಲ್ಲಿ ಕೂತು, ಹನ್ನೆರಡನೆಯ ಮೆಟ್ಟಿಲಿನ ಕತೆ ಹೇಳಿ. ಸಾಧ್ಯವಾದರೆ ಅವರನ್ನು ಹೊಳೆಯ ದಂಡೆಗೆ ಕರೆದುಕೊಂಡು ಹೋಗಿ. ಅಧ್ಯಾಯವಾಗಿ ಬೇಡವೆಂದರೆ ಅನುಬಂಧವಾಗಿ ಕೊನೆಯಲ್ಲಿ ಹಾಕಿ, ಪರೀಕ್ಷಕರು ಅಷ್ಟು ದೂರ ಹೋಗುವುದಿಲ್ಲ. ಅದೂ ಆಗದಿದ್ದರೆ ಐವತ್ತಮೂರನೆಯ ಪುಟದಲ್ಲಿ ಒಂದೇ ಒಂದು ಮಾತು ಬದಲಿಸಿ. ‘ಎಲ್ಲ ಸಂದರ್ಭಗಳಲ್ಲೂ’ ಎಂದಿರುವಲ್ಲಿ ‘ಬೇಸಿಗೆಯಲ್ಲಿ’ ಎಂದು ಬರೆಯಿರಿ. ಅಷ್ಟಕ್ಕೆ ಯಾರೂ ನಿಮ್ಮನ್ನು ಫೇಲು ಮಾಡುವುದಿಲ್ಲ. ಆದರೆ ನನ್ನ ಆಸೆ ಕೇಳಿದರೆ, ಇಪ್ಪತ್ತೆರಡು ಪುಟವೂ ಬೇಕು. ಅದರಲ್ಲೂ ‘ನಮಗೆ ತಿಳಿಯದೆ ಉಳಿದದ್ದು’ ಎಂಬ ಭಾಗ ಬೇಕು. ನಿಮ್ಮಷ್ಟು ಚೆನ್ನಾಗಿ ಕಂಬ ಕಟ್ಟಿದವರಿಗೂ ತಿಳಿಯದೆ ಉಳಿದದ್ದು ಇತ್ತು ಎಂದು ಓದಿದ್ದರೆ, ನಮ್ಮ ಹುಡುಗಿ ತನ್ನ ಚೀಲ ಕಳಿಸುತ್ತಿರಲಿಲ್ಲ.

ಒಂದು ವಿಷಯವನ್ನು ಮುಚ್ಚಿಡದೆ ಹೇಳಿ ಮುಗಿಸುತ್ತೇನೆ. ಈ ಹಿನ್ನೋಲೆಯನ್ನು ನಾನು ಮೊದಲು ಬರೆಯಲು ಕೂತದ್ದು ನಿಮಗಲ್ಲ. ನಲವತ್ತೊಂದು ವರ್ಷದ ಉರುಕುಂದಪ್ಪನಿಗೆ, ಹಸಿರು ಪೆನ್ನು ತೆರೆಯುವ ಆ ಗಳಿಗೆಗೆ ಸರಿಯಾಗಿ ತಲುಪುವಂತೆ ಬರೆಯೋಣ ಎಂದುಕೊಂಡೆ. ಎರಡು ಹಾಳೆ ತುಂಬಿಸಿ ಹರಿದುಹಾಕಿದೆ. ಆ ಮನುಷ್ಯನನ್ನು ನಾನು ಚೆನ್ನಾಗಿ ಬಲ್ಲೆ. ಮುದುಕರ ಕಾಗದವನ್ನು ಅವನು ಓದುವುದಿಲ್ಲ, ವಿದ್ಯಾರ್ಥಿಗಳ ಮಾತನ್ನು ಕೇಳುವುದಿಲ್ಲ. ಊರುಬಲೆಯ ವಿಷಯದಲ್ಲಿ ಅವನು ಪೂರ್ತಿಯಾಗಿ ನಂಬಿದ್ದು ಒಂದೇ ಪುಸ್ತಕವನ್ನು, ಅದನ್ನು ಬರೆದವರು ನೀವು. ತಾಯಮ್ಮ ಆರು ಪುಟ ಹಿಡಿದು ಅವನ ಮೇಜಿನ ಮುಂದೆ ನಿಂತಾಗ, ಅವನು ನಿಮ್ಮ ವರದಿಯನ್ನು ತೆರೆಯುತ್ತಾನೆ. ಆ ಕೋಣೆಯಲ್ಲಿ ಅವಳ ಪರವಾಗಿ ಮಾತಾಡಲು ನಿಮ್ಮನ್ನು ಬಿಟ್ಟರೆ ಬೇರೆ ಯಾರೂ ಇರುವುದಿಲ್ಲ.

ಇಂತಿ,
ಉರುಕುಂದಪ್ಪ
ಊರುಬಲೆ ವಿಭಾಗದ ಮೇಷ್ಟ್ರು, ನಾಳೆಯಿಂದ ನಿವೃತ್ತ